ಮುಂಗಾರು, ಹಿಂಗಾರು, ಚಂಡಮಾರುತ: ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಅರ್ಧ ಕಳೆಯುತ್ತಿದ್ದಂತೆ ‘ವಾಯುಭಾರ ಕುಸಿತ’, ‘ಮೇಲ್ಮೈ ಸುಳಿಗಾಳಿ’, ‘ಎಲ್ ನಿನೊ’ ಎಂಬ ಮಾತುಗಳು ದಿನಪತ್ರಿಕೆಗಳಲ್ಲಿ ತುಂಬಿಕೊಳ್ಳುತ್ತವೆ. ಇವು ಬಿಡಿಬಿಡಿ ಸಂಗತಿಗಳೆಂದೇ ಹೆಚ್ಚಿನವರು ತಿಳಿದಿದ್ದಾರೆ. ನಿಜದಲ್ಲಿ ಇವೆಲ್ಲವೂ ಇಡೀ ಭೂಮಿಯನ್ನು ಸುತ್ತುವರಿದ ಒಂದೇ ಗಾಳಿಯ ವ್ಯವಸ್ಥೆಯ ಭಾಗಗಳು. ಅದನ್ನು ಅರಿತರೆ ನಮ್ಮೂರಿನ ಮಳೆಯ ಹಲವು ಒಗಟುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಮುಂಗಾರು ಎಂದರೆ ಮಳೆಯೇ, ಗಾಳಿಯೇ?

ಮೊದಲು ಗಾಳಿ, ಆಮೇಲೆ ಮಳೆ. ‘ಮಾನ್ಸೂನ್’ ಎಂಬ ಪದ ಬಂದದ್ದು ಋತು ಎಂಬ ಅರ್ಥವುಳ್ಳ ‘ಮೌಸಿಮ್’ ಎಂಬ ಅರಬ್ಬಿ ಮಾತಿನಿಂದ. ಅರಬ್ ನಾವಿಕರಿಗೆ ಮುಖ್ಯವಾಗಿದ್ದುದು ಹಾಯಿಯನ್ನು ತುಂಬುವ ಗಾಳಿ ಯಾವ ತಿಂಗಳಲ್ಲಿ ಯಾವ ಕಡೆಗೆ ಬೀಸುತ್ತದೆ ಎಂಬುದು. ಭಟ್ಕಳ, ಬಸ್ರೂರು, ಮಂಗಳೂರಿನ ರೇವುಗಳಿಗೆ ಕುದುರೆ ತರುತ್ತಿದ್ದ ಹಡಗುಗಳು ನೈರುತ್ಯದ ಗಾಳಿಯ ಅಬ್ಬರ ತಗ್ಗುವ ಹೊತ್ತಿಗೆ ಅದರ ಬೆನ್ನೇರಿ ಬರುತ್ತಿದ್ದವು, ಚಳಿಗಾಲದಲ್ಲಿ ಈಶಾನ್ಯದ ಗಾಳಿ ಹಿಡಿದು ಮರಳುತ್ತಿದ್ದವು. ಕನ್ನಡದ ರೈತನಿಗೆ ಮುಖ್ಯವಾದದ್ದು ಮೋಡ ಮತ್ತು ಮಳೆ. ‘ಕಾರು’ ಎಂದರೆ ಮಳೆಗಾಲ. ಮೊದಲು ಬರುವುದು ಮುಂಗಾರು, ಅದರ ಹಿಂದೆ ಬರುವುದು ಹಿಂಗಾರು.

ಜಾಗತಿಕ ವಾಯು ಪರಿಚಲನೆ ಎಂದರೇನು?

ಸಮಭಾಜಕ ವೃತ್ತದ ಆಸುಪಾಸಿನಲ್ಲಿ ಸೂರ್ಯನ ಬಿಸಿಲು ನೆತ್ತಿಯ ಮೇಲೆ ಬೀಳುತ್ತದೆ, ಧ್ರುವಗಳ ಕಡೆ ಓರೆಯಾಗಿ ಬೀಳುತ್ತದೆ. ಈ ಅಸಮ ಹಂಚಿಕೆಯನ್ನು ಸರಿದೂಗಿಸಲು ಗಾಳಿ ಮತ್ತು ಸಮುದ್ರ ಎರಡೂ ನಿರಂತರವಾಗಿ ಶಾಖವನ್ನು ಹೊತ್ತೊಯ್ಯುತ್ತಿರುತ್ತವೆ. ಸಮಭಾಜಕದ ಬಳಿ ಕಾದ, ತೇವ ತುಂಬಿದ ಗಾಳಿ ಮೇಲೇರಿ, ಮಳೆ ಸುರಿಸಿ, ಒಣಗಿ, ಎತ್ತರದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಹರಿದು, ಎರಡೂ ಕಡೆ ಸುಮಾರು 30 ಡಿಗ್ರಿ ಅಕ್ಷಾಂಶದ ಬಳಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗಿ ಒಣಗುವುದರಿಂದಲೇ ಸಹಾರಾ, ಅರೇಬಿಯಾ, ಆಸ್ಟ್ರೇಲಿಯಾದ ಮರುಭೂಮಿಗಳು ಆ ಪಟ್ಟಿಯಲ್ಲಿವೆ. ಇಳಿದ ಗಾಳಿ ನೆಲದ ಮಟ್ಟದಲ್ಲಿ ಮತ್ತೆ ಸಮಭಾಜಕದತ್ತ ಹಿಂದಿರುಗುತ್ತದೆ. ಇವೇ ವಾಣಿಜ್ಯ ಮಾರುತಗಳು. ಜಾರ್ಜ್ ಹ್ಯಾಡ್ಲಿ 1735ರಲ್ಲಿ ಈ ಆವರ್ತವನ್ನು ವಿವರಿಸಿದ್ದರಿಂದ ಅದಕ್ಕೆ ಅವರದೇ ಹೆಸರು ಉಳಿದಿದೆ.

ಉತ್ತರ ಮತ್ತು ದಕ್ಷಿಣದ ವಾಣಿಜ್ಯ ಮಾರುತಗಳು ಕೂಡುವಲ್ಲಿ ಭೂಮಿಯನ್ನು ಸುತ್ತುವ ಒಂದು ಮೋಡದ ಪಟ್ಟಿ ಇರುತ್ತದೆ. ಈ ಮಳೆಪಟ್ಟಿ ಒಂದೇ ಕಡೆ ನಿಲ್ಲುವುದಿಲ್ಲ. ಸೂರ್ಯನ ಹಿಂದೆ ಹಿಂದೆ ಉತ್ತರಕ್ಕೂ ದಕ್ಷಿಣಕ್ಕೂ ಸರಿಯುತ್ತದೆ. ಮುಂದಿನ ಎಲ್ಲ ಉತ್ತರಗಳಿಗೂ ಈ ಸರಿದಾಟವೇ ಕೀಲಿಕೈ.

ಗಾಳಿ ನೇರವಾಗಿ ಬೀಸದೆ ಬಾಗುವುದೇಕೆ?

ಭೂಮಿ ತಿರುಗುವುದರಿಂದ. ಉತ್ತರಾರ್ಧಗೋಳದಲ್ಲಿ ಚಲಿಸುವ ಗಾಳಿ ತನ್ನ ಬಲಕ್ಕೆ, ದಕ್ಷಿಣಾರ್ಧಗೋಳದಲ್ಲಿ ಎಡಕ್ಕೆ ತಿರುಗುತ್ತದೆ. ಇದನ್ನು ಕೊರಿಯೋಲಿಸ್ ಪರಿಣಾಮ ಎನ್ನುತ್ತಾರೆ. ಸಮಭಾಜಕದ ಮೇಲೆ ಅದು ಸೊನ್ನೆ, ದೂರ ಹೋದಂತೆ ಹೆಚ್ಚು. ದಕ್ಷಿಣದಿಂದ ಆಗ್ನೇಯ ಮಾರುತವಾಗಿ ಹೊರಟ ಗಾಳಿ ಸಮಭಾಜಕ ದಾಟಿದ ಮೇಲೆ ಬಲಕ್ಕೆ ಹೊರಳಿ ನಮ್ಮನ್ನು ನೈರುತ್ಯ ದಿಕ್ಕಿನಿಂದ ತಲುಪುವುದು ಹೀಗೆ.

ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ ಕಾಯುತ್ತದೆ, ಅದಕ್ಕೇ ಮುಂಗಾರು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ತಪ್ಪೇ?

ತಪ್ಪಲ್ಲ, ಆದರೆ ಅರ್ಧ ಸತ್ಯ. 1686ರಲ್ಲಿ ಎಡ್ಮಂಡ್ ಹ್ಯಾಲಿ ಈ ವಿವರಣೆ ಕೊಟ್ಟರು, ಅಂದಿನಿಂದ ಅದೇ ಪಠ್ಯಪುಸ್ತಕಗಳಲ್ಲಿ ನಡೆದುಬಂದಿದೆ. ಆದರೆ ಯೋಚಿಸಿ ನೋಡಿ: ನಮ್ಮ ನೆಲ ಅತಿ ಹೆಚ್ಚು ಕಾಯುವುದು ಮೇ ತಿಂಗಳಲ್ಲಿ, ಮಳೆ ಜೋರಾಗುವುದು ನೆಲ ತಣಿದ ಜುಲೈನಲ್ಲಿ. ಮಳೆ ಕೈಕೊಟ್ಟ ವರ್ಷ ನೆಲ ಇನ್ನಷ್ಟು ಕಾದಿರುತ್ತದೆ. ಬರೀ ನೆಲದ ಕಾವೇ ಮಳೆ ತರುವುದಾಗಿದ್ದರೆ ಬರಗಾಲದ ವರ್ಷವೇ ಹೆಚ್ಚು ಮಳೆಯಾಗಬೇಕಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಮುಂಗಾರನ್ನು ಅಭ್ಯಾಸ ಮಾಡಿದ ಸುಲೋಚನಾ ಗಾಡ್ಗೀಳ್ ಈ ವಾದವನ್ನು ಒತ್ತಿ ಹೇಳುತ್ತಿದ್ದರು. ಮುಂಗಾರು ಎಂದರೆ ಮೇಲೆ ಹೇಳಿದ ಸಮಭಾಜಕದ ಮಳೆಪಟ್ಟಿಯೇ ಋತುಮಾನಕ್ಕೆ ತಕ್ಕಂತೆ ಭಾರತದ ನೆಲದ ಮೇಲಕ್ಕೆ ಸರಿದು ನಿಲ್ಲುವುದು ಎಂಬುದು ಅವರ ನಿಲುವು. ಉಪಗ್ರಹ ಚಿತ್ರಗಳನ್ನು ಕೂಡಿಸಿ ಡಿ. ಆರ್. ಸಿಕ್ಕಾ ಅವರೊಂದಿಗೆ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೋಡದ ಪಟ್ಟಿಗಳು ಸಮುದ್ರದ ಮೇಲಿಂದ ಉತ್ತರಕ್ಕೆ ನಡೆದುಬರುವುದನ್ನು ಅವರು ತೋರಿಸಿದರು.

ಬೇರೆ ಸಾಗರಗಳಲ್ಲಿ ಈ ಪಟ್ಟಿ ಹೆಚ್ಚು ದೂರ ಸರಿಯುವುದಿಲ್ಲ. ನಮ್ಮಲ್ಲಿ ಮಾತ್ರ ಅದು ಗಂಗಾ ಬಯಲಿನವರೆಗೆ ಏರುತ್ತದೆ. ಜುಲೈನಲ್ಲಿ ರಾಜಸ್ಥಾನದಿಂದ ಬಂಗಾಳ ಕೊಲ್ಲಿಯ ತುದಿಯವರೆಗೆ ಚಾಚಿಕೊಳ್ಳುವ ಕಡಿಮೆ ಒತ್ತಡದ ಆ ಪಟ್ಟಿಗೆ ‘ಮುಂಗಾರು ತೊಟ್ಟಿಲು’ ಎಂದರೂ ಸಲ್ಲುತ್ತದೆ. ಉತ್ತರದಲ್ಲಿ ದೊಡ್ಡ ಭೂಖಂಡ ಇರುವುದು ಇದಕ್ಕೆ ಒಂದು ಕಾರಣ. ಹಿಮಾಲಯ ಉತ್ತರದ ಒಣ, ತಣ್ಣನೆಯ ಗಾಳಿಗೆ ಗೋಡೆಯಾಗಿ ನಿಂತಿರುವುದು ಇನ್ನೊಂದು. ಸರಾಸರಿ 4,500 ಮೀಟರ್‌ಗೂ ಎತ್ತರದ ಟಿಬೆಟ್ ಪ್ರಸ್ಥಭೂಮಿ ಬೇಸಿಗೆಯಲ್ಲಿ ಆಕಾಶದ ನಡುಮಟ್ಟದ ಗಾಳಿಯನ್ನೇ ನೇರವಾಗಿ ಕಾಯಿಸುವುದೂ ಇದಕ್ಕೆ ನೆರವಾಗುತ್ತದೆ.

ನಮ್ಮ ಮೇಲೆ ಸುರಿಯುವ ಮಳೆಯ ಗಾಳಿ ಎಲ್ಲಿಂದ ಹೊರಡುತ್ತದೆ?

ಮಡಗಾಸ್ಕರ್‌ನ ಪೂರ್ವಕ್ಕೆ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಸುಮಾರು 30 ಡಿಗ್ರಿ ದಕ್ಷಿಣ ಅಕ್ಷಾಂಶದ ಬಳಿ ಗಾಳಿ ಕೆಳಗಿಳಿದು ಹೆಚ್ಚಿನ ಒತ್ತಡದ ಒಂದು ದೊಡ್ಡ ಕೇಂದ್ರ ಉಂಟಾಗುತ್ತದೆ. ಹತ್ತಿರದ ದ್ವೀಪಗಳ ಹೆಸರಿನಿಂದ ಅದನ್ನು ಮಸ್ಕರೀನ್ ಕೇಂದ್ರ ಎನ್ನುತ್ತಾರೆ. ಅಲ್ಲಿಂದ ಹೊರಟ ಗಾಳಿ ಕೀನ್ಯಾದ ತೀರದಲ್ಲಿ ಸಮಭಾಜಕವನ್ನು ದಾಟುತ್ತದೆ. ಪೂರ್ವ ಆಫ್ರಿಕಾದ ಎತ್ತರದ ಬೆಟ್ಟಸಾಲು ಅದನ್ನು ಪಶ್ಚಿಮಕ್ಕೆ ಹರಡಿಹೋಗಲು ಬಿಡದೆ, ಕಾಲುವೆಯ ದಂಡೆಯಂತೆ ತಡೆದು ಒಟ್ಟುಮಾಡುತ್ತದೆ. ಸೊಮಾಲಿಯಾದ ಆಚೆ ಅದು ನೆಲದಿಂದ ಬರೀ ಒಂದು, ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಹರಿಯುವ ಬಿರುಗಾಳಿಯ ಹೊಳೆಯಾಗುತ್ತದೆ. ವೇಗ ಕೆಲವೊಮ್ಮೆ ಗಂಟೆಗೆ 90 ಕಿಲೋಮೀಟರ್ ಮೀರುತ್ತದೆ. ಅರಬ್ಬಿ ಸಮುದ್ರದುದ್ದಕ್ಕೂ ನೀರಾವಿ ತುಂಬಿಕೊಂಡು ಅದು ಪಶ್ಚಿಮ ಘಟ್ಟಕ್ಕೆ ಬಂದು ಬಡಿಯುತ್ತದೆ.

ಆಷಾಢದ ಗಾಳಿ ಎಂದರೆ ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಸುತ್ತಮುತ್ತ ಮಕ್ಕಳು ಗಾಳಿಪಟ ಹಾರಿಸುವುದು, ಚಿತ್ರದುರ್ಗದ ಜೋಗಿಮಟ್ಟಿಯ ಸಾಲು ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವುದು ಅದೇ ದಿನಗಳಲ್ಲಿ. ಬಾಗಿಲು ದಢಾರನೆ ಬಡಿಯುವಂತೆ ಮಾಡುವ ಆ ಗಾಳಿ ಕೆಲವೇ ದಿನಗಳ ಹಿಂದೆ ಆಫ್ರಿಕಾದ ತೀರದಲ್ಲಿ ಸಮಭಾಜಕ ದಾಟಿ ಬಂದದ್ದು. ಹೊತ್ತು ತಂದ ನೀರನ್ನು ಘಟ್ಟದ ಮೇಲೆ ಇಳಿಸಿ, ಬರಿಗೈಯಲ್ಲಿ ಬಯಲಿಗೆ ಬಂದಿರುತ್ತದೆ, ಅಷ್ಟೆ.

ಆಗುಂಬೆಗೂ ಚಳ್ಳಕೆರೆಗೂ ಇಷ್ಟು ಅಂತರವೇಕೆ?

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸಿನ ಮಳೆ; ನೇರ ದೂರದಲ್ಲಿ ಇನ್ನೂರು ಕಿಲೋಮೀಟರ್ ಒಳಗಿರುವ ಚಳ್ಳಕೆರೆಯಲ್ಲಿ 500 ಮಿಲಿಮೀಟರ್ ಕೂಡ ಕಷ್ಟ. ಕಡಲಿನಿಂದ ಬಂದ ಗಾಳಿ ಘಟ್ಟವನ್ನು ಹತ್ತುವಾಗ ಹಿಗ್ಗಿ, ತಣಿದು, ನೀರಾವಿ ಮೋಡವಾಗಿ ಸುರಿಯುತ್ತದೆ. ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಕುಗ್ಗಿ, ಬಿಸಿಯಾಗಿ, ಮೋಡವನ್ನು ಕರಗಿಸುತ್ತದೆ. ಇದೇ ಮಳೆ ನೆರಳು. ಸಹಾರಾದ ಮೇಲೆ ಇಳಿಯುವ ಗಾಳಿಗೆ ಆಗುವುದೂ ದೊಡ್ಡ ಪ್ರಮಾಣದಲ್ಲಿ ಇದೇ.

ಮುಂಗಾರು ‘ಪ್ರವೇಶ’ವಾಯಿತೆಂದು ಯಾವ ಆಧಾರದ ಮೇಲೆ ಘೋಷಿಸುತ್ತಾರೆ?

ಎರಡು ದಿನ ಮಳೆ ಬಂದರೆ ಸಾಲದು. ಕೇರಳ, ಲಕ್ಷದ್ವೀಪ ಹಾಗೂ ಮಂಗಳೂರನ್ನು ಒಳಗೊಂಡ 14 ಕೇಂದ್ರಗಳ ಪೈಕಿ ಶೇ 60ರಷ್ಟರಲ್ಲಿ, ಮೇ 10ರ ಬಳಿಕ, ಸತತ ಎರಡು ದಿನ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆಯಾಗಬೇಕು. ಜೊತೆಗೆ ಪಶ್ಚಿಮದ ಗಾಳಿ ಸಾಕಷ್ಟು ಎತ್ತರದವರೆಗೆ ದಟ್ಟವಾಗಿ ಬೀಸುತ್ತಿರಬೇಕು, ಮೋಡದ ಹೊದಿಕೆ ದಪ್ಪವಾಗಿರಬೇಕು. ಈ ಮೂರೂ ಕೂಡಿದರೆ ಮಾತ್ರ ಭಾರತೀಯ ಹವಾಮಾನ ಇಲಾಖೆ ಘೋಷಣೆ ಮಾಡುತ್ತದೆ. ವಾಡಿಕೆಯ ದಿನ ಜೂನ್ 1. 2023ರಲ್ಲಿ ಜೂನ್ 8ಕ್ಕೆ ಬಂತು, 2025ರಲ್ಲಿ ಮೇ 24ಕ್ಕೇ ಬಂತು. ಬೇಗ ಬಂದ ಮುಂಗಾರು ಒಳ್ಳೆಯ ಮುಂಗಾರೇ ಆಗಬೇಕೆಂದಿಲ್ಲ. ಪ್ರವೇಶದ ದಿನಕ್ಕೂ ನಾಲ್ಕು ತಿಂಗಳ ಒಟ್ಟು ಮಳೆಗೂ ನಂಬಬಹುದಾದ ನಂಟಿಲ್ಲ. ಇದನ್ನು ಬಿತ್ತನೆಗೆ ಅವಸರಪಡುವವರು ಮರೆಯಬಾರದು.

ಮಳೆ ನಕ್ಷತ್ರಗಳ ಲೆಕ್ಕಕ್ಕೆ ಬೆಲೆಯಿದೆಯೇ?

ಕ್ಯಾಲೆಂಡರ್ ಆಗಿ ಖಂಡಿತ ಇದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುವುದನ್ನು ಹಿಡಿದು ನಮ್ಮ ಹಿರಿಯರು ಮಳೆಗಾಲವನ್ನು ಭಾಗ ಮಾಡಿದರು. ಜೂನ್ 7–8ರ ಹೊತ್ತಿಗೆ ಹೊಕ್ಕುವ ಮೃಗಶಿರ ಮುಂಗಾರು ನಮ್ಮ ನಾಡನ್ನು ಹರಡಿಕೊಳ್ಳುವ ಕಾಲಕ್ಕೆ ಸರಿಯಾಗಿ ಹೊಂದುತ್ತದೆ. ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’ ಎಂಬ ಮಾತಿನ ಹಿಂದೆ ತಲೆಮಾರುಗಳ ಬಿತ್ತನೆಯ ಅನುಭವವಿದೆ. ಆದರೆ ಅದು ಹೇಳುವುದು ವಾಡಿಕೆಯನ್ನು, ಈ ವರ್ಷದ ಮಳೆಯನ್ನಲ್ಲ. ನಕ್ಷತ್ರಗಳನ್ನು ಹಿಡಿದ ವರ್ಷವು ಋತುಗಳ ವರ್ಷಕ್ಕಿಂತ ಸ್ವಲ್ಪ ಉದ್ದವಾದ್ದರಿಂದ ಸುಮಾರು 70 ವರ್ಷಕ್ಕೊಂದು ದಿನದಂತೆ ಈ ಲೆಕ್ಕ ಋತುವಿನಿಂದ ಜಾರುತ್ತಲೂ ಇದೆ.

ಮಳೆಗಾಲದ ನಡುವೆ ಮಳೆ ಒಮ್ಮೆಲೇ ನಿಲ್ಲುವುದೇಕೆ?

ಮಲೆನಾಡಿನಲ್ಲಿ ಇದಕ್ಕೆ ‘ಹೊಳವು’ ಎನ್ನುತ್ತಾರೆ. ಅಡಿಕೆ ಬೆಳೆಗಾರರು ಜೀವ ಹಿಡಿದು ಕಾಯುವುದು ಇದಕ್ಕಾಗಿಯೇ: ಕೊಳೆ ರೋಗ ತಗುಲದಂತೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯಬೇಕು, ಹೊಡೆದದ್ದು ಒಣಗಿ ಅಂಟಿಕೊಳ್ಳಲು ಕೆಲವು ತಾಸಾದರೂ ಮಳೆ ಬಿಡಬೇಕು. ಸುಣ್ಣ, ಮೈಲುತುತ್ತ ಕದಡಿಟ್ಟು, ಮರ ಹತ್ತುವವರನ್ನು ಕರೆಸಿ, ಆಕಾಶ ನೋಡುತ್ತ ಜಗಲಿಯಲ್ಲಿ ಕೂತ ಬೆಳಗುಗಳು ನಮ್ಮ ತೋಟದಲ್ಲೂ ಎಷ್ಟೋ ಕಳೆದಿವೆ.

ಒಂದೆರಡು ದಿನದ ಹೊಳವಿಗೆ ಸ್ಥಳೀಯ ಕಾರಣಗಳಿರಬಹುದು. ವಾರಗಟ್ಟಲೆ ಬಿಟ್ಟರೆ ಅದು ದೊಡ್ಡ ವ್ಯವಸ್ಥೆಯ ಕೆಲಸ. ಮೇಲೆ ಹೇಳಿದ ಕಡಿಮೆ ಒತ್ತಡದ ಪಟ್ಟಿ ತನ್ನ ಜಾಗ ಬಿಟ್ಟು ಹಿಮಾಲಯದ ಬುಡಕ್ಕೆ ಸರಿದರೆ ಅಲ್ಲಿ ಮಳೆ ಜೋರಾಗಿ, ಮಧ್ಯ ಭಾರತ ಮತ್ತು ಪಶ್ಚಿಮ ಕರಾವಳಿಯಲ್ಲಿ ಕಡಿಮೆಯಾಗುತ್ತದೆ. ಸಮಭಾಜಕದ ಉದ್ದಕ್ಕೂ ಪೂರ್ವಕ್ಕೆ ಸಾಗುತ್ತ 30ರಿಂದ 60 ದಿನಗಳಲ್ಲಿ ಭೂಮಿಯನ್ನು ಸುತ್ತುವ ಮೋಡದ ಅಲೆಯೊಂದಿದೆ. 1971ರಲ್ಲಿ ಮ್ಯಾಡನ್ ಮತ್ತು ಜೂಲಿಯನ್ ಎಂಬಿಬ್ಬರು ಗುರುತಿಸಿದ ಈ ಅಲೆ ಹಿಂದೂ ಮಹಾಸಾಗರದ ಮೇಲಿದ್ದಾಗ ನಮ್ಮ ಮಳೆಗೆ ಬಲ ಬರುತ್ತದೆ, ಶಾಂತಸಾಗರದ ಕಡೆ ಹೋದಾಗ ಸೊರಗುತ್ತದೆ. ಇನ್ನು ಹೊಳವು ಮುರಿಯುವುದು ಹೆಚ್ಚಾಗಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಅಂದರೆ ಸುತ್ತಲಿಗಿಂತ ಕಡಿಮೆ ಒತ್ತಡದ ಸುಳಿ, ಉಂಟಾದಾಗ. ಅದು ಒಡಿಶಾ, ಛತ್ತೀಸಗಡದ ಕಡೆ ಸಾಗಿದರೂ ಅದರ ಸೆಳೆತಕ್ಕೆ ಅರಬ್ಬಿ ಸಮುದ್ರದ ಗಾಳಿ ಬಿರುಸಾಗಿ ಘಟ್ಟಕ್ಕೆ ನುಗ್ಗುತ್ತದೆ. ಪೂರ್ವದ ಕಡಲಿನ ಕುಸಿತಕ್ಕೆ ಕೊಡಗು, ಶಿವಮೊಗ್ಗದಲ್ಲಿ ಮಳೆ ಏರುವುದು ಹೀಗೆ.

ಎಲ್ ನಿನೊ ಬಂದರೆ ಬರ ಖಚಿತವೇ?

ಖಚಿತವಲ್ಲ, ಆದರೆ ಅಪಾಯ ಹೆಚ್ಚು. ಸಾಮಾನ್ಯ ವರ್ಷಗಳಲ್ಲಿ ಶಾಂತಸಾಗರದ ಪಶ್ಚಿಮ ಭಾಗದ, ಅಂದರೆ ಇಂಡೋನೇಷ್ಯಾದ ಸುತ್ತಲಿನ, ಬೆಚ್ಚನೆಯ ನೀರಿನ ಮೇಲೆ ಗಾಳಿ ಮೇಲೇರಿ, ಪೂರ್ವಕ್ಕೆ ಹರಿದು, ಪೆರುವಿನ ಕಡೆ ಇಳಿಯುತ್ತದೆ. ಎಲ್ ನಿನೊ ವರ್ಷದಲ್ಲಿ ಬೆಚ್ಚನೆಯ ನೀರು ಪೂರ್ವಕ್ಕೆ ಹರಡುತ್ತದೆ, ಗಾಳಿ ಮೇಲೇರುವ ಜಾಗವೂ ಅತ್ತ ಸರಿಯುತ್ತದೆ. ಆಗ ನಮ್ಮ ಕಡೆಯ ಆಕಾಶದಲ್ಲಿ ಗಾಳಿ ಇಳಿಯುವ ಒಲವು ಹೆಚ್ಚಿ, ಮೋಡ ಬೆಳೆಯದಂತೆ ಅದುಮಿದಂತಾಗುತ್ತದೆ.

ಈ ನಂಟಿನ ಹುಡುಕಾಟ ಶುರುವಾದದ್ದೇ ಭಾರತದ ಬರಗಳಿಂದ. ಹಳೆ ಮೈಸೂರಿನವರ ಬಾಯಲ್ಲಿ ಇಂದಿಗೂ ‘ಧಾತು ಈಶ್ವರದ ಬರ’ ಎಂದೇ ಉಳಿದಿರುವ, ಲಕ್ಷಾಂತರ ಜನರನ್ನು ನುಂಗಿದ 1876–78ರ ಕ್ಷಾಮದ ಹಿಂದೆ ಬಹಳ ತೀವ್ರವಾದ ಒಂದು ಎಲ್ ನಿನೊ ಇತ್ತು. ಮಳೆ ಹೋದದ್ದು ಪ್ರಕೃತಿಯಿಂದ. ಜನ ಅಷ್ಟೊಂದು ಸತ್ತದ್ದಕ್ಕೆ ಅಂದಿನ ಆಡಳಿತದ ನಡವಳಿಕೆಯೂ ಕಾರಣ ಎಂಬುದನ್ನು ಇಲ್ಲಿ ಹೇಳದೆ ಹೋಗುವುದು ಸರಿಯಲ್ಲ. ಮುಂದೆ 1904ರಿಂದ 1924ರವರೆಗೆ ಭಾರತದ ವೀಕ್ಷಣಾಲಯಗಳ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್, ಬರವನ್ನು ಮುಂಚಿತವಾಗಿ ತಿಳಿಯುವ ದಾರಿ ಹುಡುಕುತ್ತ, ಶಾಂತಸಾಗರ ಮತ್ತು ಹಿಂದೂ ಮಹಾಸಾಗರಗಳ ವಾಯುಒತ್ತಡ ತಕ್ಕಡಿಯ ತಟ್ಟೆಗಳಂತೆ ಏರಿಳಿಯುವುದನ್ನು ಕಂಡುಕೊಂಡರು. 1969ರಲ್ಲಿ ಜೇಕಬ್ ಬರ್ಕ್‌ನೆಸ್ ಆ ಏರಿಳಿತವನ್ನು ಎಲ್ ನಿನೊಗೆ ಜೋಡಿಸಿ, ಪೂರ್ವ–ಪಶ್ಚಿಮದ ಆ ಆವರ್ತಕ್ಕೆ ವಾಕರ್ ಅವರ ಹೆಸರಿಟ್ಟರು.

ಲೆಕ್ಕ ಯಾವಾಗಲೂ ತಾಳೆಯಾಗುವುದಿಲ್ಲ. 2009ರ ಎಲ್ ನಿನೊದಲ್ಲಿ ದೇಶದ ಮಳೆ ವಾಡಿಕೆಯ ಶೇ 78ಕ್ಕೆ ಇಳಿಯಿತು. ಆದರೆ 1997ರಲ್ಲಿ, ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲೊಂದು ಇದ್ದರೂ, ಮಳೆ ಶೇ 102 ಆಯಿತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗೂ ಪೂರ್ವ ಭಾಗ ತಣ್ಣಗೂ ಆಗಿ ನಮ್ಮ ಮಳೆಗೆ ನೆರವಾಗಿತ್ತು. ಈ ಏರುಪೇರನ್ನು 1999ರಲ್ಲಿ ಸಾಜಿ ಮತ್ತು ಸಂಗಡಿಗರು ‘ಹಿಂದೂ ಮಹಾಸಾಗರದ ದ್ವಿಧ್ರುವ’ ಎಂದು ಹೆಸರಿಸಿದರು. ಅದು ಬಹಳ ಪ್ರಬಲವಾಗಿದ್ದ 2019ರಲ್ಲಿ ದೇಶದ ಮಳೆ ಶೇ 110ಕ್ಕೆ ಏರಿತು. ಬೆಳಗಾವಿಯಿಂದ ಕೊಡಗಿನವರೆಗೆ ಆಗಸ್ಟ್‌ನಲ್ಲಿ ನೆರೆ ಉಕ್ಕಿದ್ದು ಅದೇ ವರ್ಷ. 2023ರಲ್ಲಿ ದೇಶದ ಒಟ್ಟು ಮಳೆ ಶೇ 94 ಆಗಿ ಕಾಗದದ ಮೇಲೆ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಆದರೆ ಆಗಸ್ಟ್ ಪೂರ್ತಿ ಒಣಗಿತು, ಕರ್ನಾಟಕದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ದೇಶದ ಸರಾಸರಿಯಲ್ಲಿ ಹೊಲದ ಬಾಯಾರಿಕೆ ಕಾಣುವುದಿಲ್ಲ.

ಚಂಡಮಾರುತ ಹುಟ್ಟಲು ಏನೇನು ಬೇಕು?

ಸಮುದ್ರದ ಮೇಲ್ಪದರ ಸುಮಾರು 50 ಮೀಟರ್ ಆಳದವರೆಗೆ 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು, ಆಕಾಶದ ನಡುಮಟ್ಟದಲ್ಲಿ ತೇವವಿರಬೇಕು, ಆಗಲೇ ಸುಳಿಯ ಮೊಳಕೆಯೊಂದು ಇರಬೇಕು. ಸಾಮಾನ್ಯವಾಗಿ ಸಮಭಾಜಕದಿಂದ 5 ಡಿಗ್ರಿಯಾದರೂ ದೂರವಿರಬೇಕು, ಇಲ್ಲವಾದರೆ ಗಾಳಿಯನ್ನು ತಿರುಗಿಸುವ ಬಲ ಸಾಲದು. ಕೊನೆಯದಾಗಿ, ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ದಿಕ್ಕು ಮತ್ತು ವೇಗದಲ್ಲಿ ಹೆಚ್ಚು ವ್ಯತ್ಯಾಸವಿರಬಾರದು. ನೀರಾವಿ ಮೋಡವಾಗುವಾಗ ಬಿಡುಗಡೆಯಾಗುವ ಶಾಖವೇ ಇದರ ಇಂಧನ. ನೆಲಕ್ಕೆ ಬಂದೊಡನೆ ಇಂಧನ ತಪ್ಪಿ ಸೊರಗುತ್ತದೆ.

ಸಮುದ್ರ ಬೆಚ್ಚಗಿದ್ದರೂ ಜುಲೈ, ಆಗಸ್ಟ್‌ನಲ್ಲಿ ಚಂಡಮಾರುತಗಳು ಏಕಿಲ್ಲ?

ಇಡೀ ವಿಷಯದಲ್ಲಿ ನನಗೆ ಅತಿ ಸೋಜಿಗವೆನಿಸುವುದು ಇದೇ. ಮುಂಗಾರಿನಲ್ಲಿ ಕೆಳಗೆ ಪಶ್ಚಿಮದಿಂದ ಬಿರುಗಾಳಿ; ಸುಮಾರು 14 ಕಿಲೋಮೀಟರ್ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ, ಗಂಟೆಗೆ 100 ಕಿಲೋಮೀಟರ್ ಮೀರಿದ ವೇಗದಲ್ಲಿ ಇನ್ನೊಂದು ಗಾಳಿಯ ಹೊಳೆ. ಟಿಬೆಟ್‌ನ ಕಾವಿನೊಡನೆ ನಂಟಿರುವ ಈ ಉಷ್ಣವಲಯದ ಪೂರ್ವ ಜೆಟ್ ಅನ್ನು 1950ರ ದಶಕದಲ್ಲಿ ಪಿ. ಕೋಟೇಶ್ವರಂ ಗುರುತಿಸಿದರು. ಹುಲ್ಲಿನ ಬಣವೆಯ ಬುಡವನ್ನು ಒಬ್ಬ ಒಂದು ಕಡೆ, ತಲೆಯನ್ನು ಇನ್ನೊಬ್ಬ ಮತ್ತೊಂದು ಕಡೆ ಎಳೆದರೆ ಬಣವೆ ನಿಲ್ಲುವುದೇ? ನೆಟ್ಟಗೆ ನಿಂತ ಮೋಡದ ಕಂಬವಾದ ಚಂಡಮಾರುತವೂ ನಿಲ್ಲುವುದಿಲ್ಲ. ಹಾಗಾಗಿ ಮಳೆಗಾಲದ ನಡುವೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳಷ್ಟೇ ಸಾಮಾನ್ಯ. ನಮಗೆ ಮಳೆ ತರುವ ಗಾಳಿಗಳೇ ಚಂಡಮಾರುತದಿಂದ ನಮ್ಮನ್ನು ಕಾಯುತ್ತವೆ.

ಈ ಗಾಳಿಗಳು ಇನ್ನೂ ನೆಲೆಗೊಳ್ಳದ ಏಪ್ರಿಲ್‌ನಿಂದ ಜೂನ್ ಮೊದಲ ಭಾಗ, ಮತ್ತು ಅವು ಹಿಂದೆಗೆದ ಅಕ್ಟೋಬರ್‌ನಿಂದ ಡಿಸೆಂಬರ್, ಈ ಎರಡು ಸಂಧಿಕಾಲಗಳಲ್ಲೇ ಚಂಡಮಾರುತಗಳು ಏಳುತ್ತವೆ. ಸುಮಾರು 10,000 ಜನರನ್ನು ಬಲಿ ಪಡೆದ 1999ರ ಒಡಿಶಾದ ಮಹಾ ಚಂಡಮಾರುತ ಅಕ್ಟೋಬರ್‌ನದು. 2021ರ ತೌಕ್ತೆ ಮೇ ತಿಂಗಳದು.

ಬಂಗಾಳ ಕೊಲ್ಲಿಯಲ್ಲಿ ಹೆಚ್ಚು, ಅರಬ್ಬಿ ಸಮುದ್ರದಲ್ಲಿ ಕಡಿಮೆ ಏಕೆ?

ದೀರ್ಘಕಾಲದ ಲೆಕ್ಕದಲ್ಲಿ ಕೊಲ್ಲಿಯಲ್ಲಿ ನಾಲ್ಕಾದರೆ ಅರಬ್ಬಿ ಸಮುದ್ರದಲ್ಲಿ ಒಂದು. ಗಂಗಾ, ಬ್ರಹ್ಮಪುತ್ರಾ ಮೊದಲಾದ ನದಿಗಳ ಸಿಹಿನೀರು ಹಗುರವಾದ್ದರಿಂದ ಕೊಲ್ಲಿಯ ಮೇಲೆ ತೆಳುವಾಗಿ ಹರಡಿ, ತಳದ ತಣ್ಣೀರು ಮೇಲೆ ಬೆರೆಯದಂತೆ ತಡೆಯುತ್ತದೆ. ಶಾಂತಸಾಗರದಲ್ಲಿ ಹುಟ್ಟಿದ ಸುಳಿಗಳ ಅಳಿದುಳಿದ ಭಾಗಗಳೂ ಅಲ್ಲಿಗೆ ತಲುಪುತ್ತವೆ. ಅರಬ್ಬಿ ಸಮುದ್ರದ ಮೇಲೆ ಅರೇಬಿಯಾದ ಒಣಗಾಳಿ ನುಗ್ಗುತ್ತದೆ. ಮುಂಗಾರಿನ ಬಿರುಗಾಳಿ ಸೊಮಾಲಿಯಾದ ತೀರದಲ್ಲಿ ತಳದ ತಣ್ಣೀರನ್ನು ಎಬ್ಬಿಸುತ್ತದೆ.

ಈ ಚಿತ್ರ ಈಗ ಬದಲಾಗುತ್ತಿದೆ. 2019 ಒಂದೇ ವರ್ಷದಲ್ಲಿ ಅರಬ್ಬಿ ಸಮುದ್ರದಲ್ಲಿ ಐದು ಚಂಡಮಾರುತಗಳೆದ್ದವು. ತೌಕ್ತೆ ಅಪ್ಪಳಿಸಿದ್ದು ಗುಜರಾತಿಗಾದರೂ, ಹೋಗುವ ದಾರಿಯಲ್ಲೇ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ತೀರದ ಮನೆ, ರಸ್ತೆ, ದೋಣಿಗಳನ್ನು ಹಾಳುಗೆಡವಿತು. ಚಂಡಮಾರುತದ ‘ಕಣ್ಣು’, ಅಂದರೆ ಸುಳಿಯ ನಡುಭಾಗ, ನೂರಾರು ಕಿಲೋಮೀಟರ್ ಆಚೆ ಇದ್ದರೂ ಅಲೆಗಳು ದಡಕ್ಕೆ ಬರುತ್ತವೆ ಎಂಬುದನ್ನು ಕರಾವಳಿಯವರು ಅಂದು ಕಣ್ಣಾರೆ ಕಂಡರು.

ಚೆನ್ನೈ, ಪುದುಚೇರಿಗೆ ಅಪ್ಪಳಿಸಿದ ಚಂಡಮಾರುತಕ್ಕೆ ಬೆಂಗಳೂರಿನಲ್ಲಿ ಏಕೆ ಜಿಟಿಜಿಟಿ ಮಳೆ?

ಅಕ್ಟೋಬರ್ ಹೊತ್ತಿಗೆ ಮಳೆಪಟ್ಟಿ ದಕ್ಷಿಣಕ್ಕೆ ಸರಿದು, ಗಾಳಿ ಈಶಾನ್ಯದಿಂದ ಬೀಸತೊಡಗಿರುತ್ತದೆ. ಇದೇ ಹಿಂಗಾರಿನ ಕಾಲ. ಪೂರ್ವ ತೀರಕ್ಕೆ ಬಡಿದ ಸುಳಿ ನೆಲದ ಮೇಲೆ ದುರ್ಬಲವಾಗುತ್ತ ಪಶ್ಚಿಮಕ್ಕೆ ಸರಿಯುತ್ತದೆ. ಗಾಳಿಯ ರಭಸ ಸತ್ತರೂ ತೇವ ಉಳಿದಿರುತ್ತದೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್‌ನ ಶೇಷ ತಮಿಳುನಾಡು, ದಕ್ಷಿಣ ಕರ್ನಾಟಕಗಳನ್ನು ದಾಟಿ ಅರಬ್ಬಿ ಸಮುದ್ರದವರೆಗೂ ಹೋಯಿತು. ಅಂಗಳದಲ್ಲಿ ರಾಗಿ, ಕಾಫಿ ಒಣಗಿಸುವವರಿಗೆ ಈ ಅಕಾಲದ ಮೋಡ ದೊಡ್ಡ ಪೆಟ್ಟು.

ಭೂಮಿಯ ಬಿಸಿ ಏರಿದಂತೆ ಇದೆಲ್ಲ ಹೇಗೆ ಬದಲಾಗುತ್ತದೆ?

ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಹಾಗಾಗಿ ಸುರಿಯುವಾಗ ಒಮ್ಮೆಲೇ ಹೆಚ್ಚು ಸುರಿಯುತ್ತದೆ. ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶಕ್ಕೆ ಏಕಕಾಲದಲ್ಲಿ ಬೀಳುವ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ. ಒಟ್ಟು ಮಳೆ ಅಷ್ಟೇ ಇದ್ದರೂ ಮಳೆಯ ದಿನಗಳು ಕಡಿಮೆಯಾಗಿ, ಸುರಿತ ಬಿರುಸಾದರೆ, ಕೆರೆ ತುಂಬುವ ಬದಲು ಕೋಡಿ ಒಡೆಯುತ್ತದೆ; ಸೋನೆ ಮಳೆ ನಂಬಿದ ರಾಗಿ, ತೊಗರಿಗೆ ಕುತ್ತು. ಸಮುದ್ರ ಬೆಚ್ಚಗಾದಷ್ಟೂ ಚಂಡಮಾರುತಗಳು ಕಡಿಮೆ ಸಮಯದಲ್ಲಿ ಉಗ್ರರೂಪ ತಾಳುವ ಸಾಧ್ಯತೆ ಹೆಚ್ಚುತ್ತದೆ, ಅಂದರೆ ದೋಣಿಗಳನ್ನು ವಾಪಸು ಕರೆಯಲು ಸಿಗುವ ಹೊತ್ತು ಕಡಿಮೆಯಾಗುತ್ತದೆ.

ಮುನ್ಸೂಚನೆಯನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಅದು ಯಾವ ಅವಧಿಯ ಮುನ್ಸೂಚನೆ ಎಂಬುದರ ಮೇಲೆ ನಿಂತಿದೆ. ಏಪ್ರಿಲ್‌ನಲ್ಲಿ ಹೇಳುವ ಇಡೀ ಋತುವಿನ ಅಂದಾಜು ದೇಶದ ಸರಾಸರಿಯನ್ನು ಕುರಿತದ್ದು; ನಿಮ್ಮ ಹೋಬಳಿಗೆ ಅದನ್ನು ಅನ್ವಯಿಸಬೇಡಿ. ಎರಡು ವಾರದ ಮುನ್ನೋಟ ಮಳೆ ಹೆಚ್ಚುವುದೋ ಹೊಳವಾಗುವುದೋ ಎಂಬ ಒಲವನ್ನಷ್ಟೇ ಹೇಳುತ್ತದೆ. ಮೂರರಿಂದ ಐದು ದಿನದ ಮುನ್ಸೂಚನೆಯನ್ನು ಹೊಲದ, ತೋಟದ ಕೆಲಸಕ್ಕೆ ಆಧಾರವಾಗಿಸಿಕೊಳ್ಳಬಹುದು. ಬೋರ್ಡೋ ಹೊಡೆಸುವ ದಿನವನ್ನು ನಾವು ಈಗ ಗೊತ್ತುಮಾಡುವುದು ಅದನ್ನು ನೋಡಿಯೇ. ಚಂಡಮಾರುತದ ಎಚ್ಚರಿಕೆಯ ವಿಷಯದಲ್ಲಿ ಮಾತ್ರ ಅಳೆದು ತೂಗುತ್ತ ಕೂರಬಾರದು. ಕಡಲಿಗಿಳಿಯಬೇಡಿ ಎಂದರೆ, ದಡದಲ್ಲಿ ನಿಂತಾಗ ನೀರು ಎಷ್ಟೇ ಶಾಂತವಾಗಿ ಕಂಡರೂ, ದೋಣಿಯನ್ನು ಮೇಲಕ್ಕೆ ಎಳೆದು ಕಟ್ಟಿಬಿಡಿ.